ಮಾನ್ವಿ ಕೇಂದ್ರದ ಸಂಜೆ ಪ್ರಸಾರ

ನಾನೊಂದು ಟಿ.ವಿ. ಕೇಂದ್ರ ನಡೆಸುತ್ತಿದ್ದೆ. ಅದಕ್ಕೆ ಗೋಪುರ ಇರಲಿಲ್ಲ, ಕ್ಯಾಮೆರಾ ಇರಲಿಲ್ಲ, ನನ್ನ ಕೋಣೆಯಲ್ಲಿ ಟಿ.ವಿ.ಯೂ ಇರಲಿಲ್ಲ. ಎಂಬತ್ತರ ದಶಕದ ನಡುವಿನ ಮಾತು. ರಾಯಚೂರಿಗೆ ಪ್ರಸಾರ ಬಂದು, ಸುತ್ತಲಿನ ಊರುಗಳಲ್ಲೆಲ್ಲ ಉಳ್ಳವರು ಮಾಳಿಗೆ ಹತ್ತಿ ಆಂಟೆನಾ ತಿರುಗಿಸುತ್ತಿದ್ದ ಕಾಲ. ನಾನು ಮಾನ್ವಿಯಲ್ಲಿ ಹೈಸ್ಕೂಲ್ ಮಾಸ್ತರನಾಗಿದ್ದೆ. ಅಕ್ಕಿ ಗಿರಣಿ ಸಾಹುಕಾರರ ಮನೆಯ ಕಿಟಕಿಯ ಸರಳು ಹಿಡಿದು, ನನ್ನದೇ ಶಾಲೆಯ ಹುಡುಗರ ತಲೆಗಳ ಮೇಲಿಂದ ಇಣುಕಿ ನೋಡಿದ್ದಷ್ಟೇ ನನ್ನ ಟಿ.ವಿ. ಜ್ಞಾನ. ಅಷ್ಟರಿಂದಲೇ, ಕಾರ್ಯಕ್ರಮ ಹೊಂದಿಸುವವರಿಗೆ ಏನೂ ತಿಳಿಯುವುದಿಲ್ಲ, ನನ್ನ ಕೈಗೆ ಕೊಟ್ಟರೆ ದೇಶವನ್ನೇ ಟಿ.ವಿ. ಮುಂದೆ ಕೂರಿಸಿಬಿಡುತ್ತೇನೆ ಎಂಬ ತೀರ್ಮಾನಕ್ಕೆ ಬಂದಿದ್ದೆ.

ನನ್ನ ಜೊತೆ ಒಂದೇ ಮನೆಯಲ್ಲಿ ಬಾಡಿಗೆಗಿದ್ದವರು ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರು. ಅವರ ಊರು ಹಿರೇಕೊಟ್ನೆಕಲ್. ಒಂದು ಸಂಜೆ ನಾನು ಪಡಸಾಲೆಯಲ್ಲಿ ಕುಳಿತು ಟಿ.ವಿ.ಯವರನ್ನು ಬೈಯುತ್ತಿದ್ದಾಗ ಅವರು ತಣ್ಣಗೆ ಕೇಳಿದರು: “ಅವರ ಸುದ್ದಿ ಬ್ಯಾಡ, ನೀವು ಹೇಳ್ರಿ. ಆರು ಗಂಟಿಗೆ ಏನು ಹಾಕ್ತೀರಿ?” ನಾನು ಹೇಳಿದೆ. “ಆರೂವರಿಗೆ?” ಅದನ್ನೂ ಹೇಳಿದೆ. ನಮ್ಮ ಆಟ ಹುಟ್ಟಿದ್ದು ಹೀಗೆ. ನನ್ನದು ಮಾನ್ವಿ ಕೇಂದ್ರ, ಅವರದು ಹಿರೇಕೊಟ್ನೆಕಲ್ ಕೇಂದ್ರ. ಆರರಿಂದ ಒಂಬತ್ತರವರೆಗೆ ಒಂದು ಸಂಜೆಯನ್ನು ತುಂಬಬೇಕು. ಏನು ಬರುತ್ತದೆ ಎಂದು ಬರೀ ಹೆಸರು ಹೇಳಿದರೆ ಸಾಲದು, ಅದರ ಒಂದು ತುಣುಕನ್ನು ಬಾಯಲ್ಲೇ ನಡೆಸಿ ತೋರಿಸಬೇಕು. ಸುದ್ದಿ, ಕೃಷಿ ಎರಡೂ ಕಡ್ಡಾಯ. ನಡುವೆ ಏನೂ ಹೊಳೆಯದಿದ್ದರೆ ಒಮ್ಮೆ ಮಾತ್ರ ಟಿ.ವಿ.ಯವರಂತೆ “ಅಡಚಣೆಗಾಗಿ ಕ್ಷಮಿಸಿ” ಎಂದು ಹೇಳಿ ಸುಧಾರಿಸಿಕೊಳ್ಳಬಹುದು.

ಆಟಕ್ಕೆ ತೀರ್ಪು ಬೇಕಲ್ಲ. ಆ ಕೆಲಸ ಮನೆಯ ಯಜಮಾನಿಯದು. ನಾವಿಬ್ಬರೂ ಆಕೆಯನ್ನು ಯವ್ವಾ ಎಂದೇ ಕರೆಯುತ್ತಿದ್ದೆವು. ದಿನಾ ಸಂಜೆ ಮೊರ ಹಿಡಿದು ಅಕ್ಕಿ ಹಸನು ಮಾಡಲು ಆಕೆ ಪಡಸಾಲೆಯಲ್ಲಿ ಕೂರುತ್ತಿದ್ದಳು. ನಮ್ಮ ಕೇಂದ್ರಗಳ ವೀಕ್ಷಕರು ಎಂದರೆ ಆಕೆ ಒಬ್ಬಳೇ. ಕಾರ್ಯಕ್ರಮ ಬೇಸರವಾದರೆ ಮೊರ ಎತ್ತಿಕೊಂಡು “ನಾ ಎದ್ದೆಪಾ” ಎನ್ನುತ್ತಿದ್ದಳು. ಆಕೆ ಎದ್ದರೆ ಕೇಂದ್ರ ಬಂದ್. ಯಾರ ಕೇಂದ್ರ ಆಕೆಯನ್ನು ಹೆಚ್ಚು ಹೊತ್ತು ಕೂರಿಸುತ್ತದೋ ಅವರು ಗೆದ್ದಂತೆ.

ನಾನು ಒಮ್ಮೆಯೂ ಗೆಲ್ಲಲಿಲ್ಲ. ಡ್ರಾಯಿಂಗ್ ಮಾಸ್ತರರು “ಈಗ ನಮ್ಮೂರಿನ ಅತ್ತಿಗಿ-ನಾದಿನಿ ಜಗಳ, ಬಾವಿ ಕಟ್ಟಿಯಿಂದ ನೇರ ಪ್ರಸಾರ” ಎಂದು ಶುರು ಮಾಡಿದರೆ ಯವ್ವ ಅಕ್ಕಿಯಿಂದ ಆರಿಸಿದ ಕಲ್ಲನ್ನು ಎಸೆಯುವುದನ್ನೂ ಮರೆತು ಕೂರುತ್ತಿದ್ದಳು. ಅವರ ಕೃಷಿ ಕಾರ್ಯಕ್ರಮದಲ್ಲಿ ಎತ್ತು ಕೂಡ ಮಾತಾಡುತ್ತಿತ್ತು. ನನ್ನ ಕೇಂದ್ರ ಮಾತ್ರ ಘನವಾದದ್ದು. ಆರಕ್ಕೆ ಚಿಂತನೆ, ಆರೂಕಾಲಿಗೆ ಪ್ರೌಢಶಿಕ್ಷಣದ ಸಮಸ್ಯೆಗಳು, ನಂತರ ಅದೇ ವಿಷಯದ ಮೇಲೆ ವಿಚಾರಗೋಷ್ಠಿ. ಗೋಷ್ಠಿಯ ನಾಲ್ಕೂ ಜನ ನಾನೇ. ಎರಡನೆಯವನು ಬಾಯಿ ತೆರೆಯುವ ಹೊತ್ತಿಗೆ ಯವ್ವ ಎದ್ದಿರುತ್ತಿದ್ದಳು. “ಯವ್ವಾ, ಇನ್ನಾ ಮುಖ್ಯ ಮಾತು ಬಂದೇ ಇಲ್ಲ” ಎಂದರೆ, “ಬಂದಾಗ ಕರಿಯಪಾ” ಎಂದು ಒಳಗೆ ಹೋಗುತ್ತಿದ್ದಳು. ಜನರ ಅಭಿರುಚಿ ಕೆಟ್ಟಿದೆ ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಅದೇ ಬಾಯಿ ನನ್ನ ಮದುವೆಗೂ ಅಡ್ಡ ಬರುತ್ತಿತ್ತು. ನನಗೆ ತಂದೆತಾಯಿ ಇರಲಿಲ್ಲ. ಹೆಣ್ಣು ನೋಡಲು ಯವ್ವನೇ ಹಿರಿಯಳಾಗಿ ಬರುತ್ತಿದ್ದಳು. ರಾಯಚೂರಿನಲ್ಲಿ ಒಂದು ಮನೆಯವರು ಆಮೇಲೆ ತಿಳಿಸುತ್ತೇವೆ ಎಂದವರು ತಿಳಿಸಲೇ ಇಲ್ಲ. ಚಂದ್ರಬಂಡದವರು ನೇರವಾಗಿ ಹೇಳಿ ಕಳಿಸಿದರು: “ಹುಡುಗ ಛಲೋ ಅದಾನ, ಆದ್ರ ಮಾತು ಭಾಳ.” ಆಗ ದೇವದುರ್ಗದಿಂದ ಒಂದು ಫೋಟೋ ಬಂತು. ಅಲ್ಲಿನ ಕಾಳು ವ್ಯಾಪಾರದ ಅಡತಿ ಅಂಗಡಿಯವರ ಮಗಳು. ಸ್ಟುಡಿಯೋದವನು ನಗಬೇಡ ಎಂದು ಹೇಳಿದ್ದನೋ ಏನೋ, ತುಟಿ ಬಿಗಿಹಿಡಿದಿದ್ದರೂ ಕಣ್ಣಿನಲ್ಲಿ ನಗು ಉಳಿದುಬಿಟ್ಟಿತ್ತು. ಆ ಫೋಟೋವನ್ನು ಪಾಠದ ಪುಸ್ತಕದಲ್ಲಿ ಇಟ್ಟುಕೊಂಡು ತರಗತಿಗೆ ಹೋಗುತ್ತಿದ್ದೆ. ಈ ಹುಡುಗಿ ಬೇಡ ಎಂದರೆ ನನಗೆ ಬೇರೆ ಯಾರೂ ಬೇಡ ಅನ್ನಿಸಿಬಿಟ್ಟಿತ್ತು. ಯವ್ವನೂ ಖಡಾಖಂಡಿತ ಹೇಳಿದ್ದಳು: “ಇದೊಂದು ಕಡಿ ಬರ್ತೀನಿ. ಅಲ್ಲೂ ಗೋಷ್ಠಿ ಹಚ್ಚಿದಿ ಅಂದ್ರ ಇನ್ನ ಮುಂದ ನಿನ್ನ ಹೆಣ್ಣ ನೀನs ಹುಡಿಕ್ಯ.”

ಯಾವಾಗ ಹೋಗುವುದು ಎಂದು ಗೊತ್ತು ಮಾಡುವ ಕೆಲಸವನ್ನು ನಾನೇ ಕೇಳಿ ಪಡೆದೆ. ಸಮಯ ಹೊಂದಿಸುವುದರಲ್ಲಿ ನನ್ನನ್ನು ಬಿಟ್ಟರೆ ಯಾರಿದ್ದಾರೆ? ಭಾನುವಾರ ಸಂಜೆ ಎಂದೆ. ಅದರ ಹಿಂದೆ ದೊಡ್ಡ ಲೆಕ್ಕಾಚಾರ ಇತ್ತು. ಭಾನುವಾರ ಸಂಜೆ ಟಿ.ವಿ.ಯಲ್ಲಿ ಹಿಂದಿ ಸಿನಿಮಾ. ಓಣಿಯ ಜನರೆಲ್ಲ ಯಾರದೋ ಮನೆಯ ಟಿ.ವಿ. ಮುಂದೆ ಸೇರಿರುತ್ತಾರೆ. ನಾವು ಹೋಗುವುದನ್ನು ಯಾರೂ ನೋಡುವುದಿಲ್ಲ, ಒಲ್ಲೆ ಅನ್ನಿಸಿಕೊಂಡು ಹೊರಟರೆ ಅದನ್ನೂ ಯಾರೂ ನೋಡುವುದಿಲ್ಲ. ಡ್ರಾಯಿಂಗ್ ಮಾಸ್ತರರು ಒಮ್ಮೆ ನನ್ನ ಮುಖ ನೋಡಿ, “ಭಾರಿ ಯೋಚನಿ ಮಾಡೀರಿ” ಎಂದರು. ಹೊಗಳಿಕೆ ಎಂದೇ ತಿಳಿದೆ.

ಸಿರವಾರದ ಮೇಲೆ ಹೋಗುವ ಬಸ್ಸು ಹಿಡಿದು ಮೂವರೂ ದೇವದುರ್ಗದಲ್ಲಿ ಇಳಿದೆವು. ದಾರಿಯುದ್ದಕ್ಕೂ ನಾನು ಕಾರ್ಯಕ್ರಮ ವಿವರಿಸಿದ್ದೆ: ಮೊದಲು ಹಿರಿಯರ ಮಾತು, ಆಮೇಲೆ ಮಂಡಕ್ಕಿ ಒಗ್ಗರಣಿ-ಮಿರ್ಚಿ, ಆಮೇಲೆ ಹುಡುಗಿ ಬಂದು ಕೂರುವುದು, ಹತ್ತು ನಿಮಿಷಕ್ಕೆ ಏಳುವುದು. ಓಣಿ ಹೊಕ್ಕಾಗ ನಾನು ಹೇಳಿದಂತೆಯೇ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. “ನೋಡ್ರಿ” ಎಂದು ಎದೆ ಉಬ್ಬಿಸಿದೆ. ಆ ಮನೆಯ ಮುಂದೆ ಮಾತ್ರ ಚಪ್ಪಲಿಗಳ ಗುಡ್ಡೆಯೇ ಬಿದ್ದಿತ್ತು. ನನ್ನನ್ನು ನೋಡಲು ಇಷ್ಟೊಂದು ನೆಂಟರು ಬಂದಿದ್ದಾರಲ್ಲ ಎಂದು ಕೂದಲು ಸರಿಮಾಡಿಕೊಂಡು ಒಳಗೆ ಕಾಲಿಟ್ಟೆ.

ಕಂಡದ್ದು ಬೆನ್ನುಗಳು. ಪಡಸಾಲೆಯ ತುಂಬ ಹೆಂಗಸರು, ಮಕ್ಕಳು, ಮುದುಕರು ಆ ಕಡೆ ಮುಖ ಮಾಡಿ ಕುಳಿತಿದ್ದರು. ಎತ್ತರದ ಟೇಬಲ್ಲಿನ ಮೇಲೆ, ಕುಂಕುಮ ಹಚ್ಚಿಸಿಕೊಂಡ ಹೊಸ ಟಿ.ವಿ. ಇಡೀ ಓಣಿಗೆ ಇದ್ದ ಒಂದೇ ಟಿ.ವಿ. ಇದ್ದದ್ದು ನಾನು ಹೆಣ್ಣು ನೋಡಲು ಬಂದ ಮನೆಯಲ್ಲಿ. ಹುಡುಗಿಯ ತಂದೆ ಸಂಕೋಚದಿಂದ ಕೈ ಮುಗಿದರು. “ಶರಣ್ರೀ, ಬರ್ರಿ. ಇದು ಹೋದ ವಾರನs ಬಂದದರಿ. ನೀವು ಇದs ಹೊತ್ತು ಬೇಕು ಅಂತ ಹೇಳಿ ಕಳಿಸಿದ್ರಿ, ಓಣಿ ಮಂದಿನ್ನ ಹ್ಯಾಂಗ ಹೊರಗ ಹಾಕ್ಲಿ?” ಯವ್ವ ನನ್ನ ಕಡೆ ಒಂದು ನೋಟ ಬೀರಿದಳು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಹಿಂದಿನ ಗೋಡೆಯ ಬದಿಗೆ ಹಾಸಿದ ಜಮಖಾನದ ಮೇಲೆ ನಮ್ಮನ್ನು ಕೂರಿಸಿದರು. ಹುಡುಗಿ ಒಗ್ಗರಣಿಯ ತಟ್ಟೆಗಳನ್ನು ತಂದಿಟ್ಟು, ನಮಸ್ಕಾರ ಮಾಡಿ, ನಮ್ಮೆದುರು ಮಣೆಯ ಮೇಲೆ ಕುಳಿತಳು. ಟಿ.ವಿ. ಅವಳ ಬೆನ್ನ ಹಿಂದೆ. ಪದ್ಧತಿಯ ಪ್ರಕಾರ ಈಗ ಹಿರಿಯರು ಒಂದೆರಡು ಮಾತು ಕೇಳಿ, “ಏಳವಾ, ಒಳಗ ಹೋಗು” ಎನ್ನಬೇಕು. ಅಲ್ಲಿಯವರೆಗೆ ಹುಡುಗಿ ಏಳುವಂತಿಲ್ಲ. ಯವ್ವ ಹೆಸರು ಕೇಳಿದಳು. ಉತ್ತರ ಬರುವಷ್ಟರಲ್ಲಿ ಸಿನಿಮಾದಲ್ಲಿ ತಾಯಿಯೊಬ್ಬಳು ಮಗನನ್ನು ಕಳೆದುಕೊಂಡಳು. ಯವ್ವನ ಕಣ್ಣು ಅತ್ತ ಹೋದದ್ದು ಹಿಂದಿರುಗಲಿಲ್ಲ. ನನ್ನ ಯಾವ ಕಾರ್ಯಕ್ರಮಕ್ಕೂ ಕಾಲು ಗಂಟೆ ಕೂರದವಳು ಅಲ್ಲಿ ಮಿರ್ಚಿಯನ್ನು ಕೈಯಲ್ಲೇ ಹಿಡಿದು ಕುಳಿತುಬಿಟ್ಟಳು. ಡ್ರಾಯಿಂಗ್ ಮಾಸ್ತರರಂತೂ ಕುತ್ತಿಗೆ ಉದ್ದ ಮಾಡಿ ನನ್ನ ಮೇಲೆಯೇ ಒರಗಿದ್ದರು. ಹುಡುಗಿಯ ತಂದೆ ಕಣ್ಣೊರೆಸಿಕೊಳ್ಳುತ್ತಿದ್ದರು. ಅಷ್ಟು ಜನರಲ್ಲಿ ನನ್ನ ಕಡೆ ಮುಖ ಮಾಡಿದ್ದವಳು ಅವಳೊಬ್ಬಳೇ.

ಮಾತಾಡಬಾರದು ಎಂದು ಆಣೆ ಮಾಡಿಕೊಂಡು ಬಂದಿದ್ದೆ. ಆದರೆ ಎದುರಿಗೆ ವೀಕ್ಷಕರಿದ್ದಾಗ ಕೇಂದ್ರ ಸುಮ್ಮನಿರುವುದು ಹೇಗೆ? “ನಿಮಗ ಸಿನಿಮಾ ನೋಡಬೇಕು ಅನಿಸಂಗಿಲ್ಲೇನ್ರಿ?” ಎಂದು ಮೆಲ್ಲಗೆ ಕೇಳಿದೆ. “ಈ ಕಡಿ ಮುಖ ಮಾಡಿ ಕುಂದ್ರು ಅಂದಾರ್ರಿ” ಎಂದಳು. ಫೋಟೋದಲ್ಲಿದ್ದ ಅದೇ ನಗು ಕಣ್ಣಿನಲ್ಲಿತ್ತು. ಅಷ್ಟು ಸಾಕಾಯಿತು. ನಮ್ಮ ಆಟ, ಎರಡು ಕೇಂದ್ರ, ಯವ್ವ ಎದ್ದು ಹೋಗುವುದು, ಎಲ್ಲವನ್ನೂ ಪಿಸುದನಿಯಲ್ಲಿ ಹೇಳತೊಡಗಿದೆ.

ಅಷ್ಟರಲ್ಲಿ ಕರೆಂಟ್ ಹೋಯಿತು. ಪಡಸಾಲೆಯಲ್ಲಿ ಕತ್ತಲೆ, ಜನರ ನಿಟ್ಟುಸಿರು. ಆಗ ನನ್ನ ಬಾಯಿಂದ, ಅಭ್ಯಾಸಬಲ, ದೊಡ್ಡ ದನಿಯಲ್ಲಿ ಬಂದುಬಿಟ್ಟಿತು: “ಅಡಚಣೆಗಾಗಿ ಕ್ಷಮಿಸಿ. ಇದು ಮಾನ್ವಿ ಕೇಂದ್ರ.” ಕೂಡಲೇ ಮೂಲೆಯಿಂದ ಯಾರೋ ಮುದುಕರು, “ಹಾಕಪಾ, ಏನರ ಹಾಕು” ಎಂದರು. ಮತ್ತೆ ನನ್ನನ್ನು ಹಿಡಿಯುವವರು ಯಾರು? ಮೊದಲು ಸುದ್ದಿ: ಮಾನ್ವಿಯಿಂದ ಬಂದ ಅತಿಥಿಗಳಿಗೆ ಇನ್ನೂ ಚಹಾ ಸಿಕ್ಕಿಲ್ಲವೆಂದು ವರದಿಯಾಗಿದೆ. ಜನ ನಕ್ಕರು. ಜೀವಮಾನದಲ್ಲಿ ಮೊದಲ ಸಲ ನನ್ನ ಕೇಂದ್ರಕ್ಕೆ ನಗು ಬಿದ್ದಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ನಾನು ನಾನಾಗುತ್ತಿರಲಿಲ್ಲ. ಕೃಷಿಗೆ ಹೋದೆ. ಜೋಳದ ಬಿತ್ತನೆಯಿಂದ ಗ್ರಾಮೀಣ ಶಿಕ್ಷಣಕ್ಕೆ, ಅಲ್ಲಿಂದ ವಿಚಾರಗೋಷ್ಠಿಗೆ. ಒಳಬಾಗಿಲಿನಿಂದ ಹೆಂಗಸೊಬ್ಬರು ಏನೋ ಕರೆದ ದನಿ ಕೇಳಿತು. ಪ್ರಸಾರಕ್ಕೆ ಅಡ್ಡಿಯಾಗುತ್ತಿದೆ ಎಂದು ನಾನು ಇನ್ನೂ ಜೋರಾಗಿ ಮಾತಾಡಿದೆ. “ನಾ ಎದ್ದೆಪಾ” ಎಂದು ಕತ್ತಲಲ್ಲಿ ಯವ್ವನ ದನಿ ಬಂತು. ಸೆಖೆಗೆ ಒಬ್ಬೊಬ್ಬರೇ ಹೊರಗಿನ ಕಟ್ಟೆಗೆ ಹೋಗುವ ಸಪ್ಪಳವೂ ಕೇಳುತ್ತಿತ್ತು. ಆದರೂ ಬಿಡಲಿಲ್ಲ.

ಕರೆಂಟ್ ಬಂದಾಗ ನೋಡಿದರೆ ಪಡಸಾಲೆ ಖಾಲಿ. ಡ್ರಾಯಿಂಗ್ ಮಾಸ್ತರರೂ ಇರಲಿಲ್ಲ. ಮಣೆಯ ಮೇಲೆ ಆ ಹುಡುಗಿ ಮಾತ್ರ, ಇದ್ದ ಜಾಗದಲ್ಲೇ, ಇದ್ದ ಹಾಗೇ ಕುಳಿತಿದ್ದಳು. ಮರುಕ್ಷಣ ಜನರೆಲ್ಲ ನುಗ್ಗಿ ಬಂದು ಟಿ.ವಿ. ಮುಂದೆ ಕುಳಿತರು. ನನಗೆ ಮಾತ್ರ ಹಿಗ್ಗು ತಡೆಯಲಾಗಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಡ್ರಾಯಿಂಗ್ ಮಾಸ್ತರರಿಗೆ, “ಎದ್ದಿಲ್ರಿ, ಕಡೀತನಕ ಎದ್ದಿಲ್ಲ. ನಾ ಗೆದ್ದೆ” ಎಂದೆ. ಅವರು ಕಿಟಕಿಯ ಹೊರಗೆ ನೋಡಿದರು. ಯವ್ವ, “ಇದೂ ಹೋತು ತಗಿ” ಎಂದು ನಿದ್ದೆಗೆ ಜಾರಿದಳು. ಆದರೆ ವಾರದೊಳಗೆ ದೇವದುರ್ಗದಿಂದ ಒಪ್ಪಿಗೆ ಬಂತು.

ಮದುವೆಯಾಗಿ, ವರ್ಗವಾಗಿ ನಾವು ರಾಯಚೂರಿಗೆ ಬಂದೆವು. ಮನೆಗೆ ಸ್ವಂತ ಟಿ.ವಿ.ಯೂ ಬಂತು. ಯಾರೇ ಅತಿಥಿಗಳು ಬಂದರೂ ನಾನು ಈ ಕಥೆ ಹೇಳದೆ ಚಹಾ ಕುಡಿಸುತ್ತಿರಲಿಲ್ಲ. ಓಣಿಗೆ ಓಣಿಯೇ ಎದ್ದು ಹೋದರೂ ಒಬ್ಬಳು ಏಳಲಿಲ್ಲ ಎಂಬುದು ಅದರ ಕೊನೆಯ ಸಾಲು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ದಿನ ಡ್ರಾಯಿಂಗ್ ಮಾಸ್ತರರು ಊರಿಂದ ಬಂದಿದ್ದರು. ಅವರೆದುರೂ ಅದೇ ಕಥೆ ಶುರು ಮಾಡಿದೆ. ಕೊನೆಯ ಸಾಲಿಗೆ ಬಂದಾಗ, ಬಾಗಿಲ ಬಳಿ ಅಕ್ಕಿ ಹಸನು ಮಾಡುತ್ತಿದ್ದ ಹೆಂಡತಿ ತಲೆ ಎತ್ತದೆ ಹೇಳಿದಳು: “ಏಳು ಅಂತ ಹೇಳೋರು ಎಲ್ಲಾರೂ ಸಿನಿಮಾ ನೋಡಾಕತ್ತಿದ್ರು, ಕರೆಂಟ್ ಹೋದ ಮ್ಯಾಲ ಕಟ್ಟಿಗೆ ಹೋದ್ರು. ಹ್ಯಾಂಗ ಏಳ್ಲಿ? ಕಾಲು ಜೋಮು ಹಿಡಿದು ಸತ್ತು ಹೋಗಿತ್ತು.”

ಡ್ರಾಯಿಂಗ್ ಮಾಸ್ತರರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರಿಗೆ ಇದು ಆ ದಿನವೇ ತಿಳಿದಿತ್ತಂತೆ, ನನ್ನ ಖುಷಿ ಕೆಡಿಸಬಾರದೆಂದು ಸುಮ್ಮನಿದ್ದರಂತೆ. ನಾನೂ ನಕ್ಕೆ. ಒಳಗೆ ಮಾತ್ರ ಮುಖ ಸುಟ್ಟಂತಾಗಿತ್ತು. ಅಷ್ಟು ವರ್ಷ ನಾನು ಮೆರೆಸಿದ್ದ ನನ್ನ ಏಕೈಕ ಗೆಲುವು ಬರೀ ಜೋಮು ಹಿಡಿದ ಕಾಲು.

ಅವರನ್ನು ಬಸ್ಸು ಹತ್ತಿಸಿ ಬಂದವನು ಟಿ.ವಿ. ಹಾಕದೆ ಕುಳಿತೆ. ಅವಳು ಚಹಾ ತಂದಿಟ್ಟಳು. “ಸಿಟ್ಟು ಬಂತೇನು?” ಎಂದಳು. “ಸಿಟ್ಟೇನಿಲ್ಲ. ಯಾರಾದ್ರೂ ಏಳು ಅಂದಿದ್ರ ಎದ್ದು ಹೋಗ್ತಿದ್ದಿ, ಹೌದಲ್ಲ?” ಎಂದು ಕೇಳಿದೆ. ಕೇಳಬಾರದಿತ್ತು. ಆದರೆ ನನಗೆ ತಿಳಿಯಬೇಕಿತ್ತು.

ಅವಳು ಮತ್ತೆ ಮೊರ ಎಳೆದುಕೊಂಡಳು. “ಕರೆಂಟ್ ಹೋದಾಗ ನಮ್ಮವ್ವ ಒಳಬಾಗ್ಲಾಗ ನಿಂತು ಎರಡು ಸಲ ಕರದ್ಲು. ಏಳವಾ, ಕತ್ತಲದಾಗ ಯಾಕ ಕುಂತಿ, ಒಳಗ ಬಾ ಅಂತ. ನೀವು ಇನ್ನಾ ಜೋರು ಮಾಡಿದ್ರಿ.”

“ಮತ್ತ?”

“ಕೇಳಿಸಿಲ್ಲ ಅನ್ನೋರಂಗ ಕುಂತೆ. ಗೋಷ್ಠ್ಯಾಗ ಮೂರನೇದಾವ ಇನ್ನಾ ಮಾತಾಡಿದ್ದಿಲ್ಲಲ್ರಿ.”

ಅತಿಥಿಗಳು ಬಂದರೆ ಈಗಲೂ ಆ ಕಥೆ ಹೇಳುತ್ತೇನೆ. ಅವರ ಮುಂದೆ ಜೋಮು ಹಿಡಿದ ಕಾಲಿಗೇ ಮುಗಿಸುತ್ತೇನೆ.