ಬ್ರೇಕಿನ ಕೆಳಗೆ ನೀರು

ಸುಬ್ರಹ್ಮಣ್ಯಪುರದ ಶಾಲಿನಿ ಹೆಂಗಸರಿಗೆ ಕಾರು ಓಡಿಸುವುದನ್ನು ಕಲಿಸುವವಳು. ಮೊದಲು ಯಾರದೋ ಡ್ರೈವಿಂಗ್ ಸ್ಕೂಲಿನಲ್ಲಿ ಸಂಬಳಕ್ಕಿದ್ದಳು. ಆಮೇಲೆ ಒಂದು ಹಳೆಯ ಕಾರು ಕೊಂಡು, ಎಡಗಡೆ ಸೀಟಿನ ಮುಂದೆ ತನಗೆಂದೇ ಇನ್ನೊಂದು ಬ್ರೇಕು, ಕ್ಲಚ್ಚು ಕೂರಿಸಿಕೊಂಡು ಸ್ವಂತ ಕ್ಲಾಸು ಶುರು ಮಾಡಿದಳು. ಜಯನಗರ, ಜೆ.ಪಿ. ನಗರದ ಎಷ್ಟೋ ಹೆಂಗಸರು ಮೊದಲು ಸ್ಟೀರಿಂಗ್ ಹಿಡಿದದ್ದು ಅವಳ ಪಕ್ಕದಲ್ಲಿ ಕೂತೇ. ಯಾರು ಎಂಥ ತಪ್ಪು ಮಾಡಿದರೂ ಅವಳು ರೇಗುತ್ತಿರಲಿಲ್ಲ. "ಭಯ ಪಡ್ಬೇಡಿ, ನನ್ ಕಾಲು ಬ್ರೇಕ್ ಮೇಲೇ ಇದೆ" ಅನ್ನುತ್ತಿದ್ದಳು. ಆ ಮಾತನ್ನು ನಂಬಿಕೊಂಡೇ ಹೆಂಗಸರು ಗೇರು ಹಾಕುತ್ತಿದ್ದರು.

ಈ ಸಲ ಮಳೆ ಹಿಡಿದ ಮೇಲೆ ಆ ಕಾಲಿನ ಕೆಳಗೇ ನೀರು ಬರತೊಡಗಿತು. ಬೆಳಿಗ್ಗೆ ಬಾಗಿಲು ತೆಗೆದರೆ ಮ್ಯಾಟು ಒದ್ದೆ, ಒಳಗೆಲ್ಲ ನೆನೆದ ಗೋಣಿಚೀಲದ ವಾಸನೆ. ಬಟ್ಟೆಯಲ್ಲಿ ಒರೆಸಿದಳು, ಹಳೆಯ ಪೇಪರು ಹಾಸಿದಳು. ಮತ್ತೊಂದು ಮಳೆ ಬಂದರೆ ಅದೇ ಕಥೆ. ಬನಶಂಕರಿಯ ಮೆಕ್ಯಾನಿಕ್ ಒಬ್ಬ ನೋಡಿ, "ಮುಂದಿನ ಗ್ಲಾಸ್ ಬಿಚ್ಚಿ ಹೊಸದಾಗಿ ಅಂಟಿಸ್ಬೇಕು ಅಕ್ಕ. ಆದ್ರೂ ನಿಲ್ಲತ್ತೆ ಅಂತ ಗ್ಯಾರಂಟಿ ಕೊಡಕ್ಕಾಗಲ್ಲ" ಅಂದ. ಆಮೇಲೆ ನೋಡೋಣ ಎಂದು ಅವಳು ಮುಂದೂಡಿದಳು.

ಆಗ ಅವಳ ಹತ್ತಿರ ಕಲಿಯುತ್ತಿದ್ದವರಲ್ಲಿ ಜಯನಗರದ ಕಾತ್ಯಾಯಿನಿ ಒಬ್ಬರು. ಅರವತ್ತರ ಹತ್ತಿರದವರು. ಗಂಡ ಅನಂತರಾಮು ಅವರಿಗೆ ಕಣ್ಣು ಮಂಜಾದದ್ದರಿಂದ ಮನೆಯ ಕಾರು ಸುಮ್ಮನೆ ನಿಂತಿತ್ತು. ಅದನ್ನು ತಾವೇ ಓಡಿಸಬೇಕೆಂದು ಹಟ ಹಿಡಿದು ಬಂದಿದ್ದರು. ಒಂದು ಬೆಳಿಗ್ಗೆ ಅವರ ಬೀದಿಯ ತಿರುವಿನಲ್ಲಿ ಎಳನೀರು ಗಾಡಿ ಎದುರಾಯಿತು. ಕಾತ್ಯಾಯಿನಿ ಗಾಬರಿಯಲ್ಲಿ ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿದರು. ಶಾಲಿನಿ ತನ್ನ ಬ್ರೇಕು ತುಳಿದಳು. ಒದ್ದೆ ಚಪ್ಪಲಿ ಒದ್ದೆ ಪೆಡಲಿನ ಮೇಲಿಂದ ಸರ್ರನೆ ಜಾರಿತು. ಕ್ಲಚ್ಚು ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದಳು. ಗಾಡಿಗೆ ಗೇಣುದ್ದ ದೂರದಲ್ಲಿ ಕಾರು ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ಎಳನೀರಿನವನು ಬೈದುಕೊಂಡು ಗಾಡಿ ಸರಿಸಿದ. ಶಾಲಿನಿ ಇಂಜಿನ್ ಆರಿಸಿ, ಬಗ್ಗಿ ತನ್ನ ಒದ್ದೆ ಪೆಡಲನ್ನು ಮುಟ್ಟಿ ನೋಡಿದಳು.

"ನಂದೇ ತಪ್ಪಮ್ಮ, ನಾನೇ ಅಲ್ವಾ ಒತ್ತಿದ್ದು" ಎಂದರು ಕಾತ್ಯಾಯಿನಿ.

"ನೀವು ಕಲಿಯೋರು ಮೇಡಂ, ತಪ್ಪು ಮಾಡ್ತೀರ. ನನ್ ಕಾಲು ಜಾರ್ಬಾರ್ದಿತ್ತು. ಈ ನೀರು ಎಲ್ಲಿಂದ ಬರ್ತಿದೆ ಅಂತ ಗೊತ್ತಾಗೋವರ್ಗೂ ಕ್ಲಾಸ್ ಬೇಡ."

ಸೀಟು ಬದಲಾಯಿಸಿಕೊಂಡು, ತಾನೇ ಕಾರನ್ನು ನಿಧಾನವಾಗಿ ಕಾತ್ಯಾಯಿನಿಯವರ ಗೇಟಿನ ಮುಂದೆ ತಂದು ನಿಲ್ಲಿಸಿದಳು. ಅವರು ಇಳಿಯದೆ ಒಂದು ಗಳಿಗೆ ಯೋಚಿಸಿದರು. "ನಮ್ ತಾರಸಿ ಸೋರ್ತಿದ್ದಾಗ ಇವ್ರು ಒಂದೊಂದೇ ಮೂಲೇಗೆ ನೀರು ಸುರಿದು ಹುಡುಕಿದ್ರು. ಇದನ್ನೂ ಹಾಗೇ ನೋಡೋಣ್ವಾ? ಕುಡಿಯೋ ನೀರಿನ ಫಿಲ್ಟರಿಂದ ವೇಸ್ಟಾಗೋ ನೀರು ಬಕೆಟ್ ತುಂಬ ಇದೆ."

ಒಳಗಿನ ಮ್ಯಾಟು ಎತ್ತಿ, ನೆಲವನ್ನು ಚೆನ್ನಾಗಿ ಒರೆಸಿ, ಶಾಲಿನಿ ಮೊಬೈಲ್ ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಿ ಮಲಗಿದಳು. ಕಾತ್ಯಾಯಿನಿ ಸೆರಗು ಸಿಕ್ಕಿಸಿ ಚೊಂಬು ಹಿಡಿದರು. ಮೊದಲು ಬಾಗಿಲಿನ ಕೆಳಗಡೆ ಸುರಿದರು. ಏನೂ ಇಲ್ಲ. ಕಿಟಕಿಯ ಅಂಚು, ಅಲ್ಲೂ ಇಲ್ಲ. ಮುಂದಿನ ಗಾಜಿನ ಸುತ್ತ ಸುರಿದಾಗ ಶಾಲಿನಿ ಟಾರ್ಚನ್ನು ಮೇಲಕ್ಕೆ ತಿರುಗಿಸಿದಳು. ಗಾಜಿನಂಚಿನಿಂದ ಹನಿಯೂ ಇಳಿಯಲಿಲ್ಲ. ಕೊನೆಗೆ ವೈಪರ್‌ಗಳ ಕೆಳಗಿನ ಕಪ್ಪು ಜಾಲರಿಗೆ ಒಂದು ಚೊಂಬು, ಇನ್ನೊಂದು ಚೊಂಬು ಹೊಯ್ದರು. ಕಾರಿನೊಳಗೆ ಗಾಳಿ ಬಿಡುವ ಫ್ಯಾನಿನ ಡಬ್ಬಿಯಿಂದ ತಣ್ಣಗೆ ಒಂದು ಧಾರೆ ಶಾಲಿನಿಯ ಮೂಗಿನ ಮೇಲೇ ಬಿತ್ತು.

"ಸಿಕ್ತು! ಮೇಡಂ, ಸಿಕ್ತು! ಸುರಿಯೋದ್ ನಿಲ್ಸಿ!"

ಅನಂತರಾಮು ಒಳಗಿನಿಂದ ತಡಕಾಡಿಕೊಂಡು ಸ್ಪ್ಯಾನರ್ ತಂದುಕೊಟ್ಟರು. ವೈಪರ್ ಬಿಚ್ಚಿ ಜಾಲರಿ ಎತ್ತಿದರೆ, ಒಳಗೆ ಹೊಂಗೆಯ ಎಲೆ, ಹೂವು ಮಣ್ಣಿನೊಂದಿಗೆ ಕೊಳೆತು ಗೊಬ್ಬರವಾಗಿದ್ದವು. ಅವಳ ಮನೆ ಮುಂದೆ ಕಾರು ನಿಲ್ಲುವುದೇ ಹೊಂಗೆ ಮರದ ಕೆಳಗೆ. ನೀರು ಹೊರಗೆ ಹೋಗುವ ತೂತು ಮುಚ್ಚಿಹೋಗಿ, ಮಳೆಯ ನೀರೆಲ್ಲ ಅಲ್ಲೇ ತುಂಬಿ, ಗಾಳಿ ಎಳೆದುಕೊಳ್ಳುವ ದಾರಿಯಿಂದ ಒಳಗೆ ಇಳಿಯುತ್ತಿತ್ತು. ಕೈಯಿಂದಲೇ ಎಲ್ಲ ಬಾಚಿ ತೆಗೆದು, ಮೂಲೆಯ ತೂತಿಗೆ ತೆಂಗಿನ ಪೊರಕೆಯ ಕಡ್ಡಿ ಹಾಕಿ ಆಡಿಸಿದಳು. ನಿಂತಿದ್ದ ನೀರು ಗೊಳಗೊಳನೆ ಇಳಿದು ಚಕ್ರದ ಹಿಂದೆ ರಸ್ತೆಗೆ ಬಿತ್ತು.

ಮತ್ತೆ ಬಕೆಟ್ಟು ಪೂರ್ತಿ ಸುರಿದರು. ಶಾಲಿನಿ ಒಳಗೆ ಅಂಗೈ ಇಟ್ಟು ಕಾದಳು. ಒಣಗಿಯೇ ಇತ್ತು. ಅಲ್ಲೇ ಕಾರಿನ ನೆಲದ ಮೇಲೆ ಕೂತು ನಗತೊಡಗಿದಳು, ನಗುತ್ತಲೇ ಕಣ್ಣೊರೆಸಿಕೊಂಡಳು. "ಗ್ಲಾಸ್ ಬಿಚ್ಚಿಸ್ಬಿಡ್ತಿದ್ದೆ ಮೇಡಂ. ಬರೀ ಎಲೆ!"

"ಮೊದ್ಲು ಮುಖ ತೊಳ್ಕೊಳಮ್ಮ. ಕಾಫಿಗಿಡ್ತೀನಿ" ಎಂದರು ಕಾತ್ಯಾಯಿನಿ.

ಮ್ಯಾಟಿನಡಿಯ ಕಾರ್ಪೆಟ್ಟು ಅವರ ಕಾಂಪೌಂಡ್ ಗೋಡೆಯ ಮೇಲೆ ಒಣಗುವವರೆಗೂ ಕ್ಲಾಸಿಗೆ ರಜೆ. ಮತ್ತೆ ಶುರುವಾದ ವಾರದಲ್ಲೇ ಕನಕಪುರ ರಸ್ತೆಯಲ್ಲಿ ಜೋರು ಮಳೆ ಹಿಡಿಯಿತು. ಕಾತ್ಯಾಯಿನಿ ಸ್ಟೀರಿಂಗ್ ಬಿಗಿಯಾಗಿ ಹಿಡಿದು, "ಸೈಡಿಗೆ ಹಾಕ್ಲಾ?" ಎಂದರು.

ಶಾಲಿನಿ ಬಗ್ಗಿ ಮ್ಯಾಟು ಮುಟ್ಟಿ ನೋಡಿದಳು. "ಏನೂ ಬೇಡ ಮೇಡಂ. ವೈಪರ್ ಇನ್ನೊಂಚೂರು ಸ್ಪೀಡ್ ಮಾಡಿ, ಹೋಗ್ತಾ ಇರಿ."