ತೂಕದ ಯಂತ್ರದ ಪಕ್ಕದ ಮೇಜು

ತೂಕದ ಯಂತ್ರದ ಮೇಲೆ ನಿಂತವರು ಏನನ್ನೂ ಮುಟ್ಟಬಾರದು. ಕೋಲಾರದ ಆ ಕ್ಲಿನಿಕ್ಕಿಗೆ ತೂಕ ಇಳಿಸಲು ಹೋಗುತ್ತಿದ್ದ ನಾವೆಲ್ಲರೂ ಪಕ್ಕದ ಮೇಜಿನ ಮೇಲೆ ಕೈಯೂರಿ ಹಗುರವಾಗುತ್ತಿದ್ದೆವು. ಊರಿಗೆಲ್ಲ ಶಿಸ್ತು ಹೇಳುವ ನನ್ನ ಬೆರಳೂ ಅಲ್ಲಿಗೆ ಹೇಗೆ ಹೋಗುತ್ತಿತ್ತೋ, ಇವತ್ತಿಗೂ ಅರ್ಥವಾಗಿಲ್ಲ. ಡಾಕ್ಟರು ಬೈಯುವವರೇ ಅಲ್ಲ. ಹಾಗಾದರೆ ನಾವು ಮೋಸ ಮಾಡುತ್ತಿದ್ದುದು ಯಾರಿಗೆ?

ದೇವರಾಯಸಮುದ್ರದ ಮುನಿಯಮ್ಮನವರ ಪರಿಸ್ಥಿತಿ ಬೇರೆ. ತೂಕ ಇಳಿದರೆ ಮಾತ್ರ ಮಂಡಿ ಆಪರೇಷನ್ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಒಂದು ದಿನ ಮುನಿಯಮ್ಮ ಯಂತ್ರ ಹತ್ತಿದಾಗ ಅದು ಡಾಕ್ಟರು ಹೇಳಿದ್ದಕ್ಕಿಂತ ಸ್ವಲ್ಪವೇ ಹೆಚ್ಚು ತೋರಿಸಿತು.

"ಪಟ್ಟುಕೋ ಅಕ್ಕಾ, ಮೇಜು ಹಿಡ್ಕೋ!" ಎಂದು ಜೊತೆಗೆ ಬಂದಿದ್ದ ಅವರ ತಂಗಿ ತೆಲುಗು ಬೆರೆಸಿ ಪಿಸುಗುಟ್ಟಿದಳು.

ತೂಕ ಬರೆದುಕೊಳ್ಳಬೇಕಾದ ನರ್ಸೇ ಮುಖ ತಿರುಗಿಸಿ, "ಬೇಗ ಹಿಡ್ಕೊಳ್ಳಮ್ಮಾ, ನಾನು ನೋಡಿಲ್ಲ" ಎಂದಳು.

ಏನು ತೋಚಿತೋ, ನಾನೂ ಮೇಜನ್ನು ಅವರ ಹತ್ತಿರಕ್ಕೆ ತಳ್ಳಿದೆ. ಮಾಡಿದ್ದು ಸರಿಯೋ ತಪ್ಪೋ ತಿಳಿಯಲಿಲ್ಲ.

"ಕೊಯ್ಯೋದು ನನ್ನ ಮಂಡಿ ಕಣಪ್ಪಾ, ನಿನ್ನ ಮೇಜಲ್ಲ. ನಾಳೆ ಭಾರ ಹೊರೋದೂ ಅದೇ."

ಮುನಿಯಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು, ಆ ಮಂಡಿಯ ಮೇಲೆಯೇ ನೆಟ್ಟಗೆ ನಿಂತು, "ಈಗ ಬರ್ಕೊಳ್ಳಮ್ಮಾ" ಎಂದರು.