ಟಗರುಕೊಂಬಿನ ಸೈಕಲ್

ಆಗ ನಮ್ಮ ಕಡೆ ಸೈಕಲ್ ಎಂದರೆ ಭಾರ ಹೊರುವ ಸಾಮಾನು. ಹಾಲಿನ ಕ್ಯಾನು, ಗಿರಣಿಗೆ ಹೋಗುವ ಜೋಳದ ಚೀಲ, ಹೊಲಕ್ಕೆ ಹೋಗುವ ಬುತ್ತಿ, ಬಸ್‌ಸ್ಟ್ಯಾಂಡಿಗೆ ಬಂದಿಳಿದ ಬೀಗರು, ಎಲ್ಲವೂ ಅದರ ಕ್ಯಾರಿಯರ್ ಮೇಲೆಯೇ ಕೂರಬೇಕು. ಕ್ಯಾರಿಯರ್ ಇಲ್ಲದ, ಗಂಟೆಯಿಲ್ಲದ, ಮಡ್‌ಗಾರ್ಡೂ ಇಲ್ಲದ ಸೈಕಲ್ಲಿಗೆ ರೊಕ್ಕ ಸುರಿಯುವವರಿಗೆ ತಲೆ ಕೆಟ್ಟಿರಬೇಕು ಎಂದು ಊರು ನಂಬಿತ್ತು. ಕಿನ್ನಾಳದಿಂದ ತುಸು ಒಳಗಿರುವ ನಮ್ಮೂರಿನಲ್ಲಿ ಅಂಥದ್ದೇ ಸೈಕಲ್ ಬೇಕೆಂದು ಹಟ ಹಿಡಿದು ಕೂತವಳು ನಾನು, ಎಂಟನೇ ತರಗತಿಯ ಗಿರಿಜಾ.

ಹಟಕ್ಕೆ ಕಾರಣ ನಮ್ಮ ಸಾಲಿಯ ಪಿ.ಟಿ. ಮಾಸ್ತರು. ಸರ್ಕಾರ ಹುಡುಗಿಯರಿಗೆ ಕೊಟ್ಟ ಬುಟ್ಟಿ ಸೈಕಲ್ಲಿನ ಮೇಲೆ ನಾನು ಹುಡುಗರನ್ನೆಲ್ಲ ಹಿಂದೆ ಹಾಕಿದ್ದನ್ನು ಅವರು ನೋಡಿದ್ದರು. ಸೈಕ್ಲಿಂಗ್ ಕಲಿಸುವ ಕ್ರೀಡಾ ವಸತಿ ನಿಲಯಕ್ಕೆ ಬೇಸಿಗೆಯಲ್ಲಿ ಮಕ್ಕಳನ್ನು ಆರಿಸುತ್ತಾರೆ, ಅಲ್ಲಿ ಊಟ, ಓದು, ತರಬೇತಿ ಎಲ್ಲ ಪುಕ್ಕಟೆ ಎಂದು ಅವರು ಮನೆಗೆ ಬಂದು ಹೇಳಿದರು.

"ಈ ಬುಟ್ಟಿ ಸೈಕಲ್ ತಗೊಂಡು ಹೋದ್ರ ಆಕಿ ಕಾಲಿಗೆ ಅನ್ಯಾಯ ಆಗ್ತೈತ್ರಿ. ತೆಳ್ಳನ ಗಾಲಿದು, ಹಗುರನ್ನ ಸೈಕಲ್ ಬೇಕು. ಹೊಸಾದ ಆಗಬೇಕಂತಿಲ್ಲ. ಆಕಿ ಅಳತಿಗೆ ಹೊಂದಿದ್ರ ಸಾಕು."

ಅವ್ವ ರೊಟ್ಟಿ ತಟ್ಟುತ್ತಲೇ ಅಂದಳು, "ಸೈಕಲ್ ತುಳಿಯಾಕೂ ಹಾಸ್ಟೆಲ್ ಅದಾವಂದ್ರ, ರೊಟ್ಟಿ ತಟ್ಟಾಕ ಯಾವುದರ ಐತೇನು ಕೇಳಿ ಹೇಳ್ರಿ ಸರ. ಮೊದಲ ಈಕಿನ್ನ ಅಲ್ಲಿಗೆ ಕಳಸೂನು."

ಅಪ್ಪ ಗಂಗಾವತಿಯ ಅಕ್ಕಿ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಮನೆಯ ತೀರ್ಮಾನಗಳೆಲ್ಲ ಅಜ್ಜನವು. ಅಜ್ಜ ದನದ ದಲ್ಲಾಳಿ. ಕುಷ್ಟಗಿ, ಯಲಬುರ್ಗಾ ಕಡೆಯ ಸಂತೆಗಳನ್ನೆಲ್ಲ ತುಳಿದು ಬಂದವನು. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ. ಮಾಸ್ತರು ಹೋದ ಮೇಲೆ ಅವನು ಬಹಳ ಹೊತ್ತು ಎಲೆ ಅಡಿಕೆ ಅಗಿದ. ಆಮೇಲೆ ಹಿತ್ತಿಲಲ್ಲಿ ಕಟ್ಟಿದ್ದ ತನ್ನ ಎರಡು ಟಗರುಗಳ ಕಡೆ ನೋಡಿದ. ನನಗೆ ಅರ್ಥವಾಯಿತು. ಮುಂದಿನ ಸಂತೆಯ ದಿನ ಸಾಲಿಯಿಂದ ಬಂದಾಗ ಹಿತ್ತಿಲಲ್ಲಿ ಬರೀ ಗೂಟಗಳಿದ್ದವು. ನಾನೇ ಹೆಸರಿಟ್ಟು, ಶೇಂಗಾ ಹೊಟ್ಟು ತಿನ್ನಿಸಿ ಬೆಳೆಸಿದ್ದ ಟಗರುಗಳು. ಅಳು ಬಂತು, ಖುಷಿಯೂ ಆಯಿತು, ಎರಡನ್ನೂ ಒಟ್ಟಿಗೆ ಮುಚ್ಚಿಡಲು ಬರಲಿಲ್ಲ.

ಅದು ಬಿಳಿಜೋಳಕ್ಕೆ ಹಾಲು ತುಂಬುವ ಕಾಲ. ಹೊಲದ ಬದುವಿನಲ್ಲಿ ಕುಳ್ಳಿನ ಬೆಂಕಿಗೆ ತೆನೆ ಸುಟ್ಟು, ಬಡಿದು ಉದುರಿಸಿದ ಬಿಸಿ ಬಿಸಿ ಸೀತನಿ ಕಾಳಿಗೆ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ತಿನ್ನುತ್ತಿದ್ದೆವು. ಗೆಳತಿಯರೆಲ್ಲ ಕೈಯ ಕರಿ ಒಬ್ಬರ ಮುಖಕ್ಕೊಬ್ಬರು ಬಳಿದು ಓಡುವಾಗಲೂ ನನ್ನ ತಲೆಯಲ್ಲಿ ಸೈಕಲ್ಲೇ ಇತ್ತು. ರೇಸಿನ ಸೈಕಲ್ಲಿನ ಬಾಗಿದ ಹ್ಯಾಂಡಲ್ಲಿಗೆ ನಾವು ಟಗರುಕೊಂಬು ಎನ್ನುತ್ತಿದ್ದೆವು. ಅವ್ವನಿಗೆ ಅದು ಗೊತ್ತಾದ ಮೇಲೆ ಕೇಳಬೇಕೆ? "ನಮ್ಮ ಮಾವಾರು ಎರಡು ಟಗರು ಮಾರಿ ಎರಡು ಕೊಂಬು ತರಾಕ ಹೊಂಟಾರ" ಎಂದು ಓಣಿಯ ಹೆಂಗಸರಿಗೆಲ್ಲ ಹೇಳಿದಳು.

ಅಜ್ಜ, ನಾನು ಮೊದಲು ಗಂಗಾವತಿಗೆ ಹೋದೆವು. ಅಂಗಡಿಯ ಮುಂದೆಯೇ ಒಂದು ಕೆಂಪು ಸೈಕಲ್ ನಿಂತಿತ್ತು, ಹೊಚ್ಚ ಹೊಸದು, ಟಗರುಕೊಂಬಿನದು, ಕಣ್ಣು ಕುಕ್ಕುವಂಥದ್ದು. ನಾನು ಅಲ್ಲೇ ಮರುಳಾದೆ. ಅಜ್ಜ ಅದನ್ನು ಎರಡೂ ಕೈಯಿಂದ ಎತ್ತಿ, ಭಾರಕ್ಕೆ ಹುಬ್ಬೇರಿಸಿ, "ಮೈ ತುಂಬೇತಿ, ಚಲೋ ಮೇಯಿಸ್ಯಾರ" ಎಂದ. ನನ್ನನ್ನು ಹತ್ತಿಸಿ ನೋಡಿದರೆ ಕೆಳಗಿನ ಪೆಡಲ್ಲಿಗೆ ನನ್ನ ಕಾಲೇ ಎಟುಕಲಿಲ್ಲ. ಅಂಗಡಿಯವನು ಸಮವಸ್ತ್ರ ಹೊಲಿಯುವ ಟೇಲರಿನಂತೆ, "ಬೆಳೆಯೋ ಹುಡಿಗಿ, ಇನ್ನೊಂದು ವರ್ಷಕ್ಕ ಹೊಂದ್ತೈತ್ರಿ" ಅಂದ. ಅಜ್ಜ ಹೌದೆಂದು ತಲೆಯಾಡಿಸಿದ. ನಮ್ಮ ಮನೆಯಲ್ಲಿ ಲಂಗ, ಚಪ್ಪಲಿ ಎಲ್ಲವನ್ನೂ ಬೆಳೆಯುತ್ತಾಳೆಂದೇ ತರುತ್ತಿದ್ದರು. ವಸತಿ ನಿಲಯದ ಆಯ್ಕೆ ಮಾತ್ರ ಬರುವ ಬೇಸಿಗೆಗಿತ್ತು. ಅದು ಅಜ್ಜನಿಗೂ ನನಗೂ ಮರೆತುಹೋಗಿತ್ತು.

ವ್ಯವಹಾರ ಮುರಿದದ್ದು ಬೇರೆ ಕಾರಣಕ್ಕೆ. ಅಜ್ಜ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ತನ್ನ ಬಲಗೈ ಮುಚ್ಚಿ ಅಂಗಡಿಯವನ ಮುಂದೆ ಚಾಚಿದ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವೆಲ್ಲಿನ ಅಡಿಯಲ್ಲಿ ಒಬ್ಬರ ಬೆರಳನ್ನೊಬ್ಬರು ಹಿಡಿದು, ಒತ್ತಿ, ಬಿಟ್ಟು ತೀರ್ಮಾನ ಮಾಡುತ್ತಾರೆ. ಅಂಗಡಿಯವನು ಆ ಕೈಯನ್ನು ನೋಡಿ ನಕ್ಕ.

"ಫಿಕ್ಸ್ ರೇಟ್ ಅಜ್ಜಾರ. ಚೀಟಿ ಅಂಟಿಸೇನಲ್ಲ, ನೋಡ್ರಿ."

ಅಜ್ಜ ಟವೆಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡ. "ಕೈ ಕೊಡದಾವನ ಕಡೆ ನಾ ಏನೂ ಕೊಳ್ಳೂದಿಲ್ಲ. ನಡಿಯವ್ವ."

ಬಸ್ಸಿನಲ್ಲಿ ಊರು ಮುಟ್ಟುವ ತನಕ ಅತ್ತೆ. ಅಜ್ಜ ಸಮಾಧಾನ ಮಾಡಲಿಲ್ಲ, ಪೊಟ್ಟಣ ಕಟ್ಟಿಸಿಕೊಂಡ ಮಿರ್ಚಿ ಭಜಿಯನ್ನು ಮೆಲ್ಲಗೆ ನನ್ನ ತೊಡೆಯ ಮೇಲಿಟ್ಟು ಕಿಟಕಿಯ ಕಡೆ ತಿರುಗಿದ. ಅಳುತ್ತಲೇ ತಿಂದೆ.

ಆಮೇಲೆ ಮಾಸ್ತರು ಕೊಪ್ಪಳದ ಮಂಜಣ್ಣನ ವಿಳಾಸ ಕೊಟ್ಟರು. ರೇಸು ಓಡುತ್ತಿದ್ದ ಹುಡುಗ, ಈಗ ತನ್ನ ಸೈಕಲ್ ಮಾರುತ್ತಾನಂತೆ. ಹೊರಡುವ ದಿನ ಅಜ್ಜ ಚೀಲದಲ್ಲಿ ಬುತ್ತಿಯ ಜೊತೆ ಪುಂಡಿನಾರಿನ ಹೊಸ ಹಗ್ಗವನ್ನೂ ಇಟ್ಟುಕೊಂಡ. ನಾವು ಪಲ್ಯ ಮಾಡಿ ತಿನ್ನುವ ಅದೇ ಪುಂಡಿ, ಬಲಿತ ಮೇಲೆ ಅದರ ನಾರಿನಿಂದ ಅವನೇ ಹೊಸೆದದ್ದು. "ಎತ್ತು ತರಾಕ ಹೊಂಟೀರೇನ್ರಿ?" ಎಂದು ಅವ್ವ ಕೇಳಿದರೂ ತೆಗೆದಿಡಲಿಲ್ಲ.

ಮಂಜಣ್ಣನ ಸೈಕಲ್ ನೋಡಿ ನನ್ನ ಮುಖ ಸಣ್ಣದಾಯಿತು. ನೀಲಿ ಬಣ್ಣ, ಅಲ್ಲಲ್ಲಿ ಕಿತ್ತುಹೋಗಿತ್ತು. ಕಡ್ಡಿಯಂಥ ಗಾಲಿ. ಅಜ್ಜ ಒಂದೇ ಕೈಯಲ್ಲಿ ಎತ್ತಿದ, ಅದು ಸಲೀಸಾಗಿ ಎದ್ದು ಬಂತು.

"ಇದಕ್ಕ ಮೇವು ಹಾಕಿಲ್ಲೇನೋ ತಮ್ಮಾ?"

"ಹಗುರ ಇದ್ದಷ್ಟೂ ಓಡ್ತೈತ್ರಿ ಅಜ್ಜಾರ."

ಅಜ್ಜ ನಂಬಲಿಲ್ಲ. ಎತ್ತಿನ ಗೊರಸು ಹಿಡಿದಂತೆ ಗಾಲಿ ಹಿಡಿದ, ಪಕ್ಕಕ್ಕೆ ಅಲ್ಲಾಡಿಸಿದ, ಗರ್ರನೆ ತಿರುಗಿಸಿ ಕಿವಿ ಕೊಟ್ಟ. ಮಂಜಣ್ಣ ಸೀಟು ಇಳಿಸಿ ನನ್ನ ಕಾಲಿಗೆ ಹೊಂದಿಸಿದ ಮೇಲೆ, "ನಡಿಗಿ ನೋಡೂನು, ಹತ್ತವ್ವ" ಎಂದು ಅಜ್ಜ ನನ್ನನ್ನು ರಸ್ತೆಗೆ ಬಿಟ್ಟ. ತಾನು ಹಿಂದೆ ನಿಂತ. ಎತ್ತಿನ ನಡಿಗೆಯನ್ನು ಹಿಂದಿನಿಂದಲೇ ನೋಡಬೇಕು, ಎದುರಿನಿಂದ ನೋಡಿದರೆ ಮೋಸವಾಗುತ್ತದೆ ಎನ್ನುತ್ತಿದ್ದ.

ನಾಲ್ಕು ಸಲ ತುಳಿಯುವಷ್ಟರಲ್ಲಿ ಸೈಕಲ್ ರಸ್ತೆಯ ಮೇಲೆ ಹಾರತೊಡಗಿತು. ನಾನು ಮನಸ್ಸಿನಲ್ಲಿ ಅಂದುಕೊಳ್ಳುವ ಮೊದಲೇ ಅದು ಮುಂದೆ ಹೋಗಿರುತ್ತಿತ್ತು. ಕೆಂಪು ಸೈಕಲ್ ಅಲ್ಲೇ ಮರೆತುಹೋಯಿತು. ಇದು ನನ್ನದಾಗದಿದ್ದರೆ ಬದುಕುವುದಿಲ್ಲ ಅನ್ನಿಸಿತು. ಹದಿಮೂರರ ವಯಸ್ಸಿನಲ್ಲಿ ಹಾಗೆ ಅನ್ನಿಸಲು ಹೆಚ್ಚೇನೂ ಬೇಕಾಗಿರಲಿಲ್ಲ.

ತಿರುಗಿ ಬಂದಾಗ ಅಜ್ಜ ಕೇಳುತ್ತಿದ್ದ, "ಯಾಕ ಮಾರಾಕತ್ತೀ?"

"ರೊಕ್ಕ ಬೇಕಾಗಿತ್ರಿ."

"ರೊಕ್ಕ ಎಲ್ಲಾರಿಗೂ ಬೇಕು. ಇದನ್ನ ಯಾಕ ಮಾರಾಕತ್ತೀ?"

ಮಂಜಣ್ಣ ಬಗ್ಗಿ ಸೈಕಲ್ಲಿನ ಧೂಳು ಒರೆಸತೊಡಗಿದ. ಅಜ್ಜ ಚೀಲ ಎತ್ತಿಕೊಂಡು ರಸ್ತೆಯ ಕಡೆ ನಡೆದೇಬಿಟ್ಟ. ಮಾರುವ ಕಾರಣ ಹೇಳದವನಲ್ಲಿ ಕೊಳ್ಳಬಾರದು, ಹೇಳಲಾಗದ ಖೋಡಿಯೋ ಊನವೋ ಇರುತ್ತದೆ ಎಂಬುದು ಅವನ ಸಂತೆಯ ನೇಮ. ನಾನು ಸೈಕಲ್ಲಿನ ಕೊಂಬು ಹಿಡಿದು ನಿಂತೇ ಇದ್ದೆ. ಕೈ ಬಿಡಲು ಆಗಲಿಲ್ಲ. "ಅಜ್ಜಾ" ಎಂದು ಕರೆದರೂ ಅವನು ತಿರುಗಲಿಲ್ಲ.

"ಮೊಣಕಾಲು ಹೋಗೇತ್ರಿ ಅಜ್ಜಾರ" ಎಂದ ಮಂಜಣ್ಣ, ಹಿಂದಿನಿಂದ. "ಹಿಟ್ನಾಳ ಕ್ರಾಸಿನ್ಯಾಗ ಬಿದ್ದೆ. ಇದಕ್ಕೇನೂ ಆಗಲಿಲ್ಲ, ನನ್ನ ಕಾಲು ಹೋತು. ಇನ್ನ ರೇಸ್ ಓಡಬ್ಯಾಡ ಅಂದ್ರು ಡಾಕ್ಟ್ರು. ದಿನಾ ಮುಂಜಾನೆ ಎದ್ದ ಕೂಡ್ಲೆ ಇದು ಕಣ್ಣಿಗೆ ಬೀಳ್ತೈತಿ. ನೋಡಾಕ ಆಗವಲ್ದು."

ಅಜ್ಜ ತಿರುಗಿ ಬಂದ. ಟವೆಲ್ಲು ತೆಗೆದು ಕೈ ಮುಚ್ಚಿ ಚಾಚಿದ. ಮಂಜಣ್ಣನಿಗೆ ಆ ವಿದ್ಯೆ ಬರುತ್ತಿರಲಿಲ್ಲ. ಯಾವ ಬೆರಳಿಗೆ ಎಷ್ಟು, ಒತ್ತಿದರೆ ಏನು, ಬಿಟ್ಟರೆ ಏನು ಎಂದು ಅಜ್ಜ ಅವನನ್ನು ಪಕ್ಕಕ್ಕೆ ಕರೆದು ಮೊದಲು ಪಾಠ ಹೇಳಿದ. ಆಮೇಲೆ ವ್ಯಾಪಾರ ನಡೆಯಿತು. ಅಕ್ಕಪಕ್ಕದವರು ಕಟ್ಟೆಯ ಮೇಲೆ ಕೂತು ನಗುತ್ತಿದ್ದರು. ಟವೆಲ್ಲು ಅಲ್ಲಾಡುವುದೊಂದೇ ನನಗೆ ಕಂಡದ್ದು. ಇಬ್ಬರ ಮುಖವನ್ನೂ ಸರದಿಯಂತೆ ನೋಡುತ್ತ ನಿಂತಿದ್ದೆ. ಕಡೆಗೆ ಮಂಜಣ್ಣ ತಲೆ ತಗ್ಗಿಸಿ, "ಆತ್ರಿ" ಎಂದ. ಎಷ್ಟಕ್ಕೆ ಆಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅವ್ವ ಎಷ್ಟು ಪೀಡಿಸಿದರೂ ಅಜ್ಜ, "ಅದು ಟವೆಲ್ಲಿನ್ಯಾಗಿನ ಮಾತು" ಎಂದು ಮುಗಿಸಿದ.

ನಾವು ಹೊರಡುವ ಮುಂಚೆ ಅಜ್ಜ ಮಂಜಣ್ಣನನ್ನು ಕರೆದ.

"ಹಗ್ಗ ನೀ ಇಟ್ಕೋಬೇಕು ತಮ್ಮಾ. ಎತ್ತು ಮಾರಿದಾವ ಹಗ್ಗ ಕೊಡಂಗಿಲ್ಲ. ಕೊಟ್ರ ಕೊಟ್ಟಿಗಿ ಬರಿದಾಗ್ತೈತಿ."

"ಸೈಕಲ್ಲಿಗೆ ಎಲ್ಲಿ ಹಗ್ಗ ಐತ್ರಿ?"

"ನೀ ಹಿಡಿದದ್ದು ಯಾವುದೈತಿ ನೋಡು."

ಮಂಜಣ್ಣ ಸೈಕಲ್ಲನ್ನು ನೋಡಿದ. ಹ್ಯಾಂಡಲ್ಲಿಗೆ ಸುತ್ತಿದ್ದ ಕರಿ ಪಟ್ಟಿಯ ತುದಿ ಬಿಡಿಸಿ, ಸುತ್ತು ಬಿಚ್ಚುತ್ತ ಬಂದ. ಬೆವರಿಗೆ ಸವೆದು ಅದು ಅಲ್ಲಲ್ಲಿ ಬೆಳ್ಳಗಾಗಿತ್ತು. ಅದನ್ನು ಉಂಡೆ ಮಾಡಿ ಅಂಗಿಯ ಕಿಸೆಗೆ ಹಾಕಿಕೊಂಡು ಒಳಗೆ ಹೋದ, ನಮ್ಮನ್ನು ಕಳಿಸಲು ಹೊರಗೆ ಬರಲಿಲ್ಲ. ಅಜ್ಜ ಚೀಲದಿಂದ ಹೊಸ ಹಗ್ಗ ತೆಗೆದು, ಎಳೆ ಬಿಡಿಸಿ ತೆಳ್ಳಗೆ ಮಾಡಿ, ಬರಿದಾದ ಎರಡೂ ಕೊಂಬಿಗೆ ಒತ್ತೊತ್ತಾಗಿ ಸುತ್ತಿ ಗಂಟು ಹಾಕಿಕೊಟ್ಟ.

ಆ ಬೇಸಿಗೆಯ ತನಕ ದಿನವೂ ನಸುಕಿನಲ್ಲಿ ಅಜ್ಜ ನನ್ನ ಜೊತೆ ಊರ ಅಗಸಿ ಬಾಗಿಲಿಗೆ ಬರುತ್ತಿದ್ದ. ನಾನು ಕೊಪ್ಪಳದ ದಾರಿ ಹಿಡಿದರೆ ಅವನು ಕಂಬಳಿ ಹೊದ್ದು ಹಿಂದೆ ನಿಲ್ಲುತ್ತಿದ್ದ. ಹಳ್ಳದ ತಿರುವಿನಲ್ಲಿ ನಾನು ಹೊರಳಿ ನೋಡುವಾಗಲೂ ನಿಂತೇ ಇರುತ್ತಿದ್ದ. ಮರಳಿ ಬಂದಾಗ, "ಇವತ್ತು ಎಡಕ್ಕ ವಾಲಾಕತ್ತಿದ್ದಿ" ಎನ್ನುವನು, ಇಲ್ಲವೇ, "ನಡಿಗಿ ಚಲೋ ಐತಿ" ಎನ್ನುವನು. ಅಂಗೈಯಲ್ಲಿ ನಾರಿನ ಗೀರು ಬಿದ್ದು, ಅನ್ನ ಕಲಸುವಾಗ ಉರಿಯುತ್ತಿತ್ತು. ಕೈಗೆಲ್ಲ ಪುಂಡಿಯ ವಾಸನೆ. ಆಯ್ಕೆಯ ದಿನ ಬಣ್ಣ ಬಣ್ಣದ ಪಟ್ಟಿಯ ಸೈಕಲ್ಲುಗಳ ನಡುವೆ ನನ್ನ ಹಗ್ಗ ಕಂಡು ಮಕ್ಕಳು ನಕ್ಕರು. ಆಯ್ಕೆಯಾದವರ ಪಟ್ಟಿಯಲ್ಲಿ ನನ್ನ ಹೆಸರು ಓದಿದಾಗ ಅವರು ನಗುವುದನ್ನು ಬಿಟ್ಟರು.

ವಸತಿ ನಿಲಯದಲ್ಲಿ ಬೇರೆ ಸೈಕಲ್ ಕೊಟ್ಟರು. ನೀಲಿಯದು ಊರಲ್ಲೇ ಉಳಿಯಿತು. ದೊಡ್ಡ ಪದಕವೇನೂ ಬರಲಿಲ್ಲ, ಆದರೆ ಆ ದಾರಿಯಲ್ಲೇ ಓದಿ ಇವತ್ತು ನಾನೂ ಪಿ.ಟಿ. ಟೀಚರ್ ಆಗಿದ್ದೇನೆ, ಗಂಗಾವತಿಯಲ್ಲಿ. ರಜೆಗೆ ಹೋದಾಗಲೆಲ್ಲ ಹಳ್ಳದ ತನಕ ಒಂದು ಸುತ್ತು ಹೋಗುತ್ತಿದ್ದೆ. ಅಜ್ಜ ಕೋಲೂರಿಕೊಂಡಾದರೂ ಅಗಸಿಗೆ ಬರುತ್ತಿದ್ದ. ಅವನು ಹೋದ ವರ್ಷ ತೀರಿಕೊಂಡ. ಆಮೇಲೊಮ್ಮೆ ಹೋಗಿ ಸೈಕಲ್ ಹತ್ತಿದೆ. ತಿರುವಿನಲ್ಲಿ ರೂಢಿಯಂತೆ ಹೊರಳಿ ನೋಡಿದೆ. ಅಗಸಿಯಲ್ಲಿ ಯಾರೂ ಇರಲಿಲ್ಲ. ಅಲ್ಲಿಂದ ಸೈಕಲ್ ತಳ್ಳಿಕೊಂಡು ಮನೆಗೆ ಬಂದೆ. ಮತ್ತೆ ಹತ್ತಲು ಆಗಲಿಲ್ಲ.

ಕಳೆದ ತಿಂಗಳು ಮಾರಿದೆ. ಗಂಗಾವತಿಯ ಮನೆಗೆ ತರಿಸಿ, ಫೋಟೊ ತೆಗೆದು ಮೊಬೈಲಿನಲ್ಲಿ ಹಾಕಿದೆ. ಸಂಜೆಯೊಳಗೆ ಒಬ್ಬ ಹುಡುಗ ಬಂದ. ಬೆಲೆ ಆಗಲೇ ಮೆಸೇಜಿನಲ್ಲಿ ಆಗಿಹೋಗಿತ್ತು. ಸ್ಕ್ಯಾನ್ ಮಾಡಿ ದುಡ್ಡು ಹಾಕಿದ, ನನ್ನ ಫೋನು ಕಿಣಿಕ್ ಎಂದಿತು. ಅವನು ಗಾಲಿ ತಿರುಗಿಸಲಿಲ್ಲ, ಒಂದು ಸುತ್ತು ಓಡಿಸಿ ನೋಡಲೂ ಇಲ್ಲ.

"ಒಂದು ನಿಮಿಷ ನಿಲ್ಲಪಾ" ಎಂದು ಹ್ಯಾಂಡಲ್ಲಿನ ಗಂಟು ಬಿಚ್ಚತೊಡಗಿದೆ. ಹಗ್ಗ ನುಣುಪಾಗಿ, ಕಪ್ಪಾಗಿ, ಕೊಂಬಿನ ಬಾಗನ್ನೇ ಹಿಡಿದುಕೊಂಡಿತ್ತು.

"ಬಿಡ್ರಿ ಮೇಡಂ, ಹೆಂಗೂ ನಾ ಹೊಸಾ ಟೇಪ್ ಹಾಕ್ತೀನಿ."

"ಹಾಕ್ಕೋ. ಇದು ನನಗ ಬೇಕು."

ಅವನು ಹೆಗಲು ಕುಣಿಸಿ, ಬರಿ ಕೊಂಬು ಹಿಡಿದು ಹತ್ತಿದ. ಹಗ್ಗದ ಸುರುಳಿ ಹಿಡಿದುಕೊಂಡು ಗೇಟಿನ ತನಕ ಹೋದೆ, ಹಿಂದೆ ನಿಂತು ನೋಡಿದೆ. ನಡಿಗೆ ಚೆನ್ನಾಗಿತ್ತು. ಓಣಿಯ ತಿರುವಿನಲ್ಲಿ ಅವನು ಹೊರಳಿ ನೋಡಲಿಲ್ಲ. ಅವನಿಗೇನು ಗೊತ್ತು, ಪಾಪ.

ಮನೆಯೊಳಗೆ ಬಂದ ಮೇಲೂ ಹಗ್ಗ ಕೈಯಲ್ಲೇ ಇತ್ತು. ಮೂಗಿಗೆ ಹಿಡಿದೆ, ಪುಂಡಿಯ ವಾಸನೆ ಹೋಗಿ ಎಷ್ಟೋ ವರ್ಷವಾಗಿದೆ. ಬೆಲೆ ಸರಿಯಾಗಿಯೇ ಬಂತು, ಅದಕ್ಕೆ ನನ್ನ ತಕರಾರಿಲ್ಲ. ಯಾಕ ಮಾರಾಕತ್ತೀರಿ ಎಂದು ಆ ಹುಡುಗ ಒಂದು ಮಾತು ಕೇಳಬೇಕಿತ್ತು. ಉತ್ತರವನ್ನು ಬೆಳಗಿನಿಂದ ಬಾಯಲ್ಲೇ ಇಟ್ಟುಕೊಂಡು ಕೂತಿದ್ದೆ.